ಆಸ್ಪತ್ರೆಯ ಹೊಸ್ತಿಲಲ್ಲಿ ನಿಂತಿರುವ ನಮ್ಮ ಯುವಜನರಿಗೆ

(ಶತಮಾನೋತ್ಸವ ವರ್ಷದ ಯುವಜನ ದಿನದಂದು ಸಭಾಭವನದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವ ಸಮಿತಿಯವರು ನಮ್ಮನ್ನು ಕಂಡು, "ಫಾದರ್, ಯುವಜನ ದಿನದಂದು ತಾವು ಏನಾದರೂ ಉಪಯುಕ್ತವಾದ ವಿಷಯವನ್ನು ಕುರಿತು ಮಾತನಾಡಬೇಕು" ಎಂದು ಕೇಳಿಕೊಂಡರು. 'ಉಪಯುಕ್ತ' ಎಂಬ ಪದಕ್ಕೆ ಅವರು ಕೊಟ್ಟ ಒತ್ತನ್ನು ಕೇಳಿದಾಗ, ನಮ್ಮ ಇದುವರೆಗಿನ ಭಾಷಣಗಳ ವಿಷಯದಲ್ಲಿ ಅವರ ಅಭಿಪ್ರಾಯವೇನೆಂಬುದು ನಮಗೆ ಹೊಳೆಯದೆ ಇರಲಿಲ್ಲ. ಆದುದರಿಂದ ಇಂದು ಬಹಳ ಸಾಧಾರಣವಾದ, ನಿತ್ಯದ ವಿಷಯವೊಂದನ್ನೇ ಆರಿಸಿಕೊಂಡಿದ್ದೇವೆ. ಈ ವರ್ಷ ನಮ್ಮ ಧರ್ಮಕೇಂದ್ರದ ಕೆಲವು ಮಕ್ಕಳು ನರ್ಸಿಂಗ್ ವ್ಯಾಸಂಗವನ್ನು ಮುಗಿಸಿದ್ದಾರೆ. ಪ್ರಯೋಗಾಲಯ, ಕ್ಷ-ಕಿರಣ ಮುಂತಾದ ವಿಭಾಗಗಳಲ್ಲಿ ತರಬೇತಿ ಪಡೆದವರೂ ಇದ್ದಾರೆ. ಇವರೆಲ್ಲ ಮೊದಲ ಕೆಲಸಕ್ಕಾಗಿ ಸಂದರ್ಶನಕ್ಕೆ ಹೋಗಬೇಕಾದವರು. ಆ ಕೋಣೆಯೊಳಗೆ ಏನು ನಡೆಯುತ್ತದೆ, ಕೆಲಸ ದೊರೆತ ಮೇಲೆ ವಾರ್ಡಿನಲ್ಲಿ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದರ ಬಗ್ಗೆ ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಗುರುಗಳಿಗೆ ಆಸ್ಪತ್ರೆಯ ಸಂಗತಿ ಹೇಗೆ ತಿಳಿಯಬೇಕು ಎಂದು ಯಾರಾದರೂ ಕೇಳಬಹುದು. ಹಿಂದೆ ಬೇರೊಂದು ಊರಿನಲ್ಲಿದ್ದಾಗ ಅನೇಕ ವರ್ಷಗಳ ಕಾಲ ಅಲ್ಲಿನ ಆಸ್ಪತ್ರೆಯೊಂದಕ್ಕೆ ರೋಗಿಗಳನ್ನು ಕಾಣಲು ಹೋಗುತ್ತಿದ್ದೆವು. ಆ ಆಸ್ಪತ್ರೆಯವರು ನರ್ಸುಗಳನ್ನು ನೇಮಿಸುವ ಸಮಿತಿಯಲ್ಲಿ ನಮಗೂ ಒಂದು ಕುರ್ಚಿಯನ್ನು ಕೊಟ್ಟಿದ್ದರು. ಪ್ರಶ್ನೆಗಳನ್ನು ಕೇಳುತ್ತಿದ್ದವರು ಮೇಟ್ರನ್ ಅವರೂ ವೈದ್ಯರೂ. ನಾವು ಹೆಚ್ಚಾಗಿ ಕೇಳಿಸಿಕೊಳ್ಳುತ್ತಿದ್ದವರು. ಹೀಗೆ ಕೇಳಿಸಿಕೊಂಡದ್ದೇ ಇಂದಿನ ನಮ್ಮ ಬಂಡವಾಳ.

ಈ ಕ್ಷೇತ್ರ ನಮ್ಮ ನಾಡಿನ ಕ್ರೈಸ್ತ ಮನೆಗಳಿಗೆ ಹೊಸತಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದರು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಭಗಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಪ್ರಾರಂಭಿಸಿದರು. ಅಂದಿನಿಂದ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ಈ ವೃತ್ತಿಯಿಂದಲೇ ತಂಗಿಯರ ಮದುವೆ ಮಾಡಿದ್ದಾರೆ, ಹೆಂಚಿನ ಮನೆಗೆ ತಾರಸಿ ಹಾಕಿಸಿದ್ದಾರೆ. ಆದರೆ ಇಂದು ವ್ಯಾಸಂಗದ ವೆಚ್ಚ ಹೆಚ್ಚಿದೆ. ಹಲವು ತಂದೆಯರು ಬ್ಯಾಂಕಿನ ಸಾಲ ಮಾಡಿದ್ದಾರೆ, ಕೆಲವರು ಗದ್ದೆಯನ್ನು ಅಡವಿಟ್ಟಿದ್ದಾರೆ. ಸಂದರ್ಶನದ ಕೋಣೆಗೆ ಹೋಗುವ ಮಗಳು ಒಬ್ಬಳೇ ಹೋಗುವುದಿಲ್ಲ, ಆ ಸಾಲದ ಕಾಗದವೂ ಅವಳ ಬೆನ್ನಿಗಿರುತ್ತದೆ. ಆದುದರಿಂದ ಈ ವಿಷಯವನ್ನು ಹಗುರವಾಗಿ ಆಡುವಂತಿಲ್ಲ.

ಮೊದಲಿಗೆ ಶಿಫಾರಸು ಪತ್ರದ ಮಾತು. ನಮ್ಮ ಕಚೇರಿಗೆ ಬರುವ ತಂದೆತಾಯಂದಿರು, "ಸ್ವಾಮಿ, ನಿಮ್ಮದೊಂದು ಲೆಟರ್ ಕೊಟ್ಟರೆ ಸಾಕು, ಕೆಲಸ ಆಗಿಯೇ ಬಿಡುತ್ತದೆ" ಎನ್ನುತ್ತಾರೆ. ನಾವು ಕೊಡುತ್ತೇವೆ, ಇಲ್ಲವೆನ್ನುವ ಧೈರ್ಯ ನಮಗಿಲ್ಲ. ಆದರೆ ಆ ಪತ್ರಗಳ ಗತಿ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡವರು ನಾವು. ಮೇಟ್ರನ್ ಅವರ ಮೇಜಿನ ಮೇಲೆ ಗುರುಗಳ ಪತ್ರ, ಪಂಚಾಯತಿ ಸದಸ್ಯರ ಪತ್ರ, ಶಾಸಕರ ಆಪ್ತರ ಪತ್ರ, ಎಲ್ಲವೂ ಒಂದು ಕಟ್ಟಾಗಿ ಇರುತ್ತಿದ್ದವು. ಎಲ್ಲದರಲ್ಲಿಯೂ ಅಭ್ಯರ್ಥಿಯು ಅತ್ಯಂತ ಶ್ರದ್ಧಾವಂತನು, ಸುಸಂಸ್ಕೃತ ಮನೆತನದವನು. ಚಹಾ ಬಂದಾಗ ಆಕೆ ಆ ಕಟ್ಟಿನ ಮೇಲೆಯೇ ತಟ್ಟೆಯನ್ನಿಡಿಸುತ್ತಿದ್ದರು. ಒಮ್ಮೆ ಎಲ್ಲಕ್ಕಿಂತ ಮೇಲಿದ್ದುದು ನಮ್ಮದೇ ಪತ್ರವಾಗಿತ್ತು. ಚಹಾದ ಕಲೆ ನಮ್ಮ ಸಹಿಯ ಮೇಲೆ ಬಿತ್ತು.

ಪತ್ರಕ್ಕಿಂತ ನೂರು ಪಾಲು ಮುಖ್ಯವಾದುದು ನಿಮ್ಮ ದಾಖಲೆಗಳು. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿ, ವ್ಯಾಸಂಗದ ಡಿಪ್ಲೊಮಾ ಅಥವಾ ಪದವಿ ಪತ್ರ, ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ, ಇವು ಮೊದಲೇ ಸಿದ್ಧವಿರಬೇಕು. ನೋಂದಣಿಯಾಗದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯಿದೆಯ ಬದಲಿಗೆ 2023ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಮಾಡಿದಾಗಲೂ ಈ ಮಾತು ಬದಲಾಗಲಿಲ್ಲ. ಪ್ರಯೋಗಾಲಯ ಮುಂತಾದ ವಿಭಾಗಗಳವರಿಗಾಗಿ 2021ರಲ್ಲಿ ಪ್ರತ್ಯೇಕ ಕಾಯಿದೆ ಬಂದಿದೆ.

ದಾಖಲೆಗಳ ವಿಷಯದಲ್ಲಿ ನಮ್ಮ ಜನರಿಗೆ ಒಂದು ವಿಶೇಷ ತೊಡಕಿದೆ. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಮತ್ತೊಂದು! ತಂದೆಯ ಮನೆತನದ ಹೆಸರು ಒಂದೆಡೆ ಡಿಸೋಜ, ಇನ್ನೊಂದೆಡೆ ಡಿಸೌಜ, ಪಾಸ್‌ಪೋರ್ಟಿನಲ್ಲಿ ಅದೂ ಮಾಯವಾಗಿ ಬರಿಯ ಇನಿಶಿಯಲ್. ಮನೆಯಲ್ಲಿ ಇದೊಂದು ತಮಾಷೆ. ವಿದೇಶದ ಆಸ್ಪತ್ರೆಗೆ ಅರ್ಜಿ ಹಾಕಿದ ದಿನ ಅದು ತಮಾಷೆಯಲ್ಲ. ಈಗಲೇ ಎಲ್ಲವನ್ನೂ ಮುಂದಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ, ತಿದ್ದಿಸಬೇಕಾದುದನ್ನು ತಿದ್ದಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ಅಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳಿ. "ನಮ್ಮಲ್ಲೇ ಇರಲಿ, ಎರಡು ವರ್ಷ ದುಡಿದ ಮೇಲೆ ಕೊಡುತ್ತೇವೆ" ಎಂದು ಹೇಳುವವರು ಎಷ್ಟೇ ಸಜ್ಜನರಂತೆ ಕಂಡರೂ ಅವರ ಕೈಯಲ್ಲಿ ಬಿಟ್ಟುಬರಬೇಡಿ. ಹಾಗೆ ಬಿಟ್ಟುಬಂದು, ಬೇರೆಡೆ ಒಳ್ಳೆಯ ಕೆಲಸ ದೊರೆತಾಗ ಕಾಗದವಿಲ್ಲದೆ ಅತ್ತವರ ಕಣ್ಣೀರನ್ನು ನಮ್ಮ ಕಚೇರಿಯ ಬೆಂಚು ಕಂಡಿದೆ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೀರೆಯಾಗಲಿ ಚೂಡಿದಾರವಾಗಲಿ ಇಸ್ತ್ರಿಯಾದ, ಶುಭ್ರವಾದ ಉಡುಪು ಸಾಕು. ಮೇಟ್ರನ್ ಅವರು ನೋಡುತ್ತಿದ್ದುದು ಬಟ್ಟೆಯನ್ನಲ್ಲ, ಉಗುರುಗಳನ್ನು. ಉಗುರು ಬೆಳೆಸಿ ಬಣ್ಣ ಹಚ್ಚಿದ ಬೆರಳುಗಳು ಮೇಜಿನ ಮೇಲೆ ಕಂಡರೆ ಆಕೆಯ ಮುಖ ಬಿಗಿಯುತ್ತಿತ್ತು. ಹಿಂದಿನ ದಿನವೇ ಒಮ್ಮೆ ಆ ಆಸ್ಪತ್ರೆಯನ್ನು ಸುತ್ತಿ ನೋಡಿ ಬನ್ನಿ. ಎಷ್ಟು ಹಾಸಿಗೆಗಳಿವೆ, ಯಾವ ವಿಭಾಗಗಳಿವೆ, ಹೊರರೋಗಿಗಳ ಸಾಲು ಎಲ್ಲಿಯತನಕ ಬೆಳೆದಿದೆ ಎಂಬುದನ್ನು ಕಂಡುಬಂದವರು "ಈ ಆಸ್ಪತ್ರೆಗೇ ಏಕೆ ಬಂದಿರಿ?" ಎಂಬ ಪ್ರಶ್ನೆಗೆ ತಡವರಿಸುವುದಿಲ್ಲ.

ಇಂಗ್ಲಿಷಿನ ಭಯವೊಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಆ ಕೋಣೆಯೊಳಗೆ ಕಾಲಿಟ್ಟೊಡನೆ ತಿಳಿದದ್ದನ್ನೂ ಮರೆಯುತ್ತಾರೆ. ಕೆಲವರು ಯಾರೋ ಬರೆದುಕೊಟ್ಟ ಸ್ವಪರಿಚಯವನ್ನು ಕಂಠಪಾಠ ಮಾಡಿಕೊಂಡು ಬಂದು, ನಡುವೆ ಒಂದು ಪದ ಮರೆತರೆ ಮೊದಲಿನಿಂದ ಪ್ರಾರಂಭಿಸುತ್ತಾರೆ. ನಾವು ಗುರುಮಠದಲ್ಲಿ ಲ್ಯಾಟಿನ್ ಒಪ್ಪಿಸುತ್ತಿದ್ದ ರೀತಿ ಅದು, ನಮಗೆ ಕನಿಕರವಾಗುತ್ತಿತ್ತು. ಕೆಲಸದ ಇಂಗ್ಲಿಷನ್ನು ಕಲಿಯದೆ ವಿಧಿಯಿಲ್ಲ. ಔಷಧದ ಚೀಟಿ, ರೋಗಿಯ ಚಾರ್ಟು ಎಲ್ಲವೂ ಆ ಭಾಷೆಯಲ್ಲೇ ಇರುತ್ತವೆ. ಆದರೆ ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಹೇಳಿ. ತೊಡಕಾದರೆ "ಇದನ್ನು ಕನ್ನಡದಲ್ಲಿ ಹೇಳಬಹುದೆ?" ಎಂದು ಅನುಮತಿ ಕೇಳಿ. ಹಾಗೆ ಕೇಳಿದವಳನ್ನು ನಮ್ಮ ಸಮಿತಿ ಎಂದೂ ಕೈಬಿಟ್ಟದ್ದಿಲ್ಲ. ರೋಗಿಗಳಲ್ಲಿ ಹೆಚ್ಚಿನವರು ಮಾತನಾಡುವುದು ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಎಂಬುದು ಸಮಿತಿಯವರಿಗೂ ಗೊತ್ತು.

ವಿಷಯಜ್ಞಾನದ ಪ್ರಶ್ನೆಗಳು ಬಹುಮಟ್ಟಿಗೆ ಮೂಲಭೂತವಾದವುಗಳೇ. ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20. ಹೃದಯ ನಿಂತವರ ಎದೆಯನ್ನು ಒತ್ತುವಾಗ ನಿಮಿಷಕ್ಕೆ 100ರಿಂದ 120 ಬಾರಿ, 30 ಒತ್ತುಗಳಿಗೆ ಎರಡು ಉಸಿರು. ರಕ್ತ ಕೊಡಲು ಪ್ರಾರಂಭಿಸಿದ ಮೊದಲ 15 ನಿಮಿಷ ರೋಗಿಯ ಬಳಿಯಿಂದ ಕದಲಬಾರದು. ತ್ಯಾಜ್ಯವನ್ನು ಹಾಕುವ ಬಣ್ಣಗಳನ್ನು ಕೇಳದ ಸಂದರ್ಶನವೇ ಇಲ್ಲ. 2016ರ ನಿಯಮಗಳ ಪ್ರಕಾರ ರಕ್ತ ಮೆತ್ತಿದ ಹತ್ತಿ, ಬಟ್ಟೆ ಹಳದಿಗೆ. ಕೊಳವೆ, ಸೂಜಿಯಿಲ್ಲದ ಸಿರಿಂಜ್ ಮುಂತಾದ ಪ್ಲಾಸ್ಟಿಕ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹೊರಬರಲಾಗದ ಬಿಳಿಯ ಡಬ್ಬಕ್ಕೆ. ಗಾಜು ನೀಲಿಗೆ. ಇದನ್ನು ಬಾಯಿಪಾಠ ಹೇಳಿದವಳು, ಮೇಟ್ರನ್ ಅವರು ಒಂದು ಸೂಜಿಯನ್ನು ಕೈಗಿತ್ತೊಡನೆ ಅದಕ್ಕೆ ಮುಚ್ಚಳ ಹಾಕಲು ಹೋದದ್ದನ್ನು ಕಂಡಿದ್ದೇವೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಂತಿಲ್ಲ ಎಂದು ಅದಕ್ಕೆ ಸ್ವಲ್ಪ ಹೊತ್ತಿಗೆ ಮುಂಚೆ ಆಕೆಯೇ ಹೇಳಿದ್ದಳು.

ತಿಳಿಯದ ಪ್ರಶ್ನೆಗೆ "ತಿಳಿಯದು, ಕೇಳಿ ಕಲಿಯುತ್ತೇನೆ" ಎಂದು ಹೇಳುವುದರಿಂದ ಯಾವ ನಷ್ಟವೂ ಇಲ್ಲ. ವಾರ್ಡಿನಲ್ಲಿ ಊಹೆಯಿಂದ ಔಷಧ ಕೊಡುವವರು ಇಂತಹ ಕೋಣೆಗಳಲ್ಲಿಯೇ ಊಹೆಯಿಂದ ಉತ್ತರ ಕೊಟ್ಟವರು ಎಂಬುದು ಮೇಟ್ರನ್ ಅವರ ಅನುಭವವಾಗಿತ್ತು.

ಇನ್ನು ನಾವು ನಿಮಗೆ ಹೇಳಲೇಬೇಕೆಂದುಕೊಂಡ ಒಂದು ಪ್ರಸಂಗ. ಇದು ಪಾಪನಿವೇದನೆಯಲ್ಲಿ ಕೇಳಿದ ಸಂಗತಿಯಲ್ಲ, ಸಮಿತಿಯ ಮುಂದೆ ಬಹಿರಂಗವಾಗಿ ಕೇಳಿದ್ದು. ಆಕೆಯ ಒಪ್ಪಿಗೆಯನ್ನೂ ಪಡೆದಿದ್ದೇವೆ.

ಆ ಮೇಟ್ರನ್ ಅವರಿಗೆ ಒಂದು ರೂಢಿಯಿತ್ತು. ಒಂದೆರಡು ವರ್ಷ ಬೇರೆಡೆ ದುಡಿದು ಬಂದವರನ್ನು ಕಡೆಯಲ್ಲಿ, "ಕೆಲಸದಲ್ಲಿ ಏನಾದರೂ ತಪ್ಪು ಮಾಡಿದ್ದುಂಟೆ?" ಎಂದು ಕೇಳುತ್ತಿದ್ದರು. ಆ ದಿನ ಹನ್ನೊಂದು ಮಂದಿ "ಇಲ್ಲ ಮೇಡಂ" ಎಂದು ತಲೆಯಾಡಿಸಿ ಹೋದರು. ಹನ್ನೆರಡನೆಯವಳು ಉತ್ತರಿಸದೆ ಕುಳಿತಳು. ಆಮೇಲೆ, "ಮಾಡಿದ್ದೇನೆ" ಎಂದಳು.

ಮೊದಲ ಕೆಲಸಕ್ಕೆ ಸೇರಿ ಏಳನೆಯ ತಿಂಗಳು. ಅಂದು ರಾತ್ರಿ ಡ್ಯೂಟಿ. ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ವೃದ್ಧ ರೈತರೊಬ್ಬರಿದ್ದರು. ಅವರಿಗೆ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಕೊಡಬೇಕು. ನಿಮ್ಮಲ್ಲಿ ಓದಿದವರಿಗೆ ಗೊತ್ತು, ಇತರರಿಗಾಗಿ ಹೇಳುತ್ತೇವೆ: ನಮ್ಮ ದೇಶದಲ್ಲಿ ಇನ್ಸುಲಿನ್ ಸೀಸೆಗಳು ಎರಡು ಬಗೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜುಗಳೂ ಎರಡು ಬಗೆ, 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಆ ವಾರ್ಡಿನಲ್ಲಿ ಯಾವಾಗಲೂ 40ರ ಸೀಸೆಯನ್ನೇ ಬಳಸುತ್ತಿದ್ದರು. ಅಂದು ರೋಗಿಯ ಮಗ ಹೊರಗಿನ ಅಂಗಡಿಯಿಂದ ತಂದದ್ದು 100ರ ಸೀಸೆ. ಈಕೆ ರೂಢಿಯಂತೆ ಕೆಂಪು ಮುಚ್ಚಳದ ಸಿರಿಂಜನ್ನು ತೆಗೆದುಕೊಂಡು 20ರ ಗೆರೆಯವರೆಗೆ ಎಳೆದು ಚುಚ್ಚಿದಳು. ಹಾಗೆ ಎಳೆದರೆ ಅರ್ಧ ಮಿಲಿಲೀಟರ್ ಆಗುತ್ತದೆ. ಎಂದರೆ 20ರ ಬದಲು 50 ಯೂನಿಟ್. ಸೀಸೆಯನ್ನು ಫ್ರಿಜ್ಜಿನಲ್ಲಿ ಹಿಂದಕ್ಕೆ ಇಡುವಾಗ ಚೀಟಿಯ ಮೇಲಿನ ಅಂಕಿ ಕಣ್ಣಿಗೆ ಬಿತ್ತು.

"ಎರಡು ನಿಮಿಷ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ, ಮೇಡಂ" ಎಂದಳು. ಆ ಎರಡು ನಿಮಿಷಗಳಲ್ಲಿ ತನಗೆ ಏನೇನು ತೋಚಿತೆಂಬುದನ್ನು ಮರೆಮಾಚದೆ ಹೇಳಿದಳು. ತಂದೆಯ ಸಾಲ, ಊರಿನವರ ಮಾತು. ಚಾರ್ಟಿನಲ್ಲಿ 20 ಎಂದೇ ಬರೆದಾಗಿದೆ, ನೋಡಿದವರು ಯಾರೂ ಇಲ್ಲ. ಮುದುಕರು ರಾತ್ರಿ ಮಂಪರಾದರೆ ನಿದ್ದೆಯೆಂದೇ ಎಲ್ಲರೂ ತಿಳಿಯುತ್ತಾರೆ. ಬೆಳಗಾಗುವ ಹೊತ್ತಿಗೆ ತನ್ನ ಡ್ಯೂಟಿಯೂ ಮುಗಿದಿರುತ್ತದೆ. ಇಷ್ಟೆಲ್ಲ ಯೋಚಿಸಿದ ಮೇಲೆ ಹೋಗಿ ಸಿಸ್ಟರ್ ಇನ್‌ಚಾರ್ಜ್ ಅವರಿಗೆ ತಿಳಿಸಿದಳು. ವೈದ್ಯರು ಓಡಿಬಂದರು. ರೋಗಿಗೆ ಕೂಡಲೇ ತಿನ್ನಿಸಿ, ಗ್ಲೂಕೋಸ್ ಹಚ್ಚಿ, ರಾತ್ರಿಯಿಡೀ ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನು ನೋಡುತ್ತಿದ್ದರು. ಬೆಳಿಗ್ಗೆ ಅವರು ಎದ್ದು ಕಾಫಿ ಕುಡಿದು, "ಏನಮ್ಮಾ, ರಾತ್ರಿಯೆಲ್ಲ ನನ್ನನ್ನು ಮಲಗಲು ಬಿಡಲಿಲ್ಲವಲ್ಲ" ಎಂದು ಗೊಣಗಿದರು. ಆಕೆ ನಡೆದುದನ್ನು ಅವರಿಗೂ ಹೇಳಿದಳು. ಆ ಆಸ್ಪತ್ರೆಯವರು ಮೆಮೊ ಕೊಟ್ಟರು. ವರ್ಷ ಮುಗಿದಾಗ ಕರಾರನ್ನು ನವೀಕರಿಸಲಿಲ್ಲ. ಹಾಗಾಗಿ ಇಲ್ಲಿಗೆ ಬಂದಿದ್ದಳು.

ಆಕೆ ಹೊರಗೆ ಹೋದ ಮೇಲೆ ಸಮಿತಿಯಲ್ಲಿ ಚರ್ಚೆಯಾಯಿತು. ಕಚೇರಿಯ ಮುಖ್ಯಸ್ಥರು, "ಗೊತ್ತಿದ್ದೂ ಗೊತ್ತಿದ್ದೂ ಏಕೆ ಈ ಉಸಾಬರಿ?" ಎಂದರು. ನಮ್ಮನ್ನು ಕೇಳಿದಾಗ ನಾವೂ ಬೇಡವೆಂದೇ ಹೇಳಿದೆವು. ಈ ಮಾತನ್ನು ಇಂದು ನಿಮ್ಮೆದುರಿಗೆ ಒಪ್ಪಿಕೊಳ್ಳುತ್ತಿದ್ದೇವೆ. ಪ್ರತಿ ಶನಿವಾರ ಸಂಜೆ ತಪ್ಪೊಪ್ಪಿಗೆಯನ್ನು ಕೇಳಲು ಕುಳಿತುಕೊಳ್ಳುವ ನಾವು, ತಪ್ಪೊಪ್ಪಿಕೊಂಡ ಹುಡುಗಿಗೆ ಕೆಲಸ ಬೇಡವೆಂದೆವು. ಮೇಟ್ರನ್ ಅವರು ಕನ್ನಡಕವನ್ನು ತೆಗೆದಿಟ್ಟು, "ಫಾದರ್, ನಿಮ್ಮ ತಾಯಿಯವರು ನನ್ನ ವಾರ್ಡಿನಲ್ಲಿ ಮಲಗಿದ್ದಾರೆ ಎಂದಿಟ್ಟುಕೊಳ್ಳಿ. ರಾತ್ರಿ ಡ್ಯೂಟಿಗೆ ಎಂದೂ ತಪ್ಪು ಮಾಡದ ಆ ಹನ್ನೊಂದು ಮಂದಿಯಲ್ಲಿ ಯಾರನ್ನು ಹಾಕಲಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆಯನ್ನು ತೆಗೆದುಕೊಂಡರು. ಸೇರಿದ ಮೊದಲ ವಾರದಲ್ಲಿಯೇ ಆಕೆ ಫ್ರಿಜ್ಜಿನಲ್ಲಿ ಎರಡು ಬೇರೆ ಬೇರೆ ತಟ್ಟೆಗಳನ್ನಿಟ್ಟು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಿತ್ತಳೆ ಬಣ್ಣದ ಕಾಗದವನ್ನು ಅಂಟಿಸಿ, ಆಯಾ ಸಿರಿಂಜುಗಳನ್ನು ಅದರದರ ಹೆಸರಿನಲ್ಲಿ ಕಪಾಟಿನಲ್ಲಿಡಿಸಿದಳಂತೆ. ಈಗ ಅಲ್ಲಿ ಹೊಸಬರಿಗೆ ತರಬೇತಿ ಕೊಡುವವಳು ಆಕೆಯೇ.

ಸಂದರ್ಶನದಲ್ಲಿ ಸಂಬಳದ ಮಾತನ್ನು ಎತ್ತಬಹುದೇ ಎಂದು ಕೆಲವರು ನಮ್ಮನ್ನು ಗುಟ್ಟಾಗಿ ಕೇಳಿದ್ದಾರೆ. ಅವಶ್ಯವಾಗಿ ಎತ್ತಿ, ಆದರೆ ಕಡೆಯಲ್ಲಿ, ವಿನಯದಿಂದ. ಸಂಬಳವೆಷ್ಟು, ವಾರಕ್ಕೆ ಎಷ್ಟು ಗಂಟೆ, ರಾತ್ರಿ ಡ್ಯೂಟಿ ಎಷ್ಟು, ಭವಿಷ್ಯನಿಧಿ ಇದೆಯೇ ಎಂಬುದನ್ನು ಕೇಳಿ, ಬರೆಹದಲ್ಲಿ ಪಡೆಯಿರಿ. ಸೇವೆಯೆಂಬ ಪವಿತ್ರವಾದ ಪದವನ್ನು ಮುಂದಿಟ್ಟು ನರ್ಸುಗಳಿಗೆ ಅಲ್ಪ ಸಂಬಳ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿದೆ. ನಮ್ಮವರೇ ನಡೆಸುವ ಕೆಲವು ಸಂಸ್ಥೆಗಳೂ ಇದಕ್ಕೆ ಹೊರತಲ್ಲ ಎಂದು ಸಂಕೋಚದಿಂದಲೇ ಹೇಳುತ್ತೇವೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು 2016ರಲ್ಲಿ, 50 ಹಾಸಿಗೆಗಳಿಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗಳಿಗೆ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಅದು ಎಷ್ಟರಮಟ್ಟಿಗೆ ಜಾರಿಗೆ ಬಂದಿದೆ ಎಂಬುದನ್ನು ಇಲ್ಲಿ ಕುಳಿತಿರುವ ಅಕ್ಕಂದಿರನ್ನೇ ಕೇಳಿ.

ಇನ್ನು ಕೆಲಸಕ್ಕೆ ಸೇರಿದ ಮೇಲಿನ ನಡೆನುಡಿ. ನುಡಿಯಿಂದಲೇ ಪ್ರಾರಂಭಿಸೋಣ, ಏಕೆಂದರೆ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ರೋಗಿಗಳು ನಮ್ಮಲ್ಲಿ ಹೇಳಿಕೊಂಡ ದೂರುಗಳಲ್ಲಿ ಹೆಚ್ಚಿನವು ಸೂಜಿಯ ನೋವಿನವಲ್ಲ, ಮಾತಿನ ನೋವಿನವು. ಮೊಮ್ಮಕ್ಕಳನ್ನು ಕಂಡ ಹಿರಿಯರನ್ನು ಇಪ್ಪತ್ತೆರಡರ ಹುಡುಗಿ "ಏ, ಆ ಕಡೆ ತಿರುಗು" ಎನ್ನುತ್ತಾಳೆ. "ಹದಿನಾಲ್ಕನೆಯ ಬೆಡ್ಡಿಗೆ ಎನಿಮಾ ಕೊಟ್ಟಾಯಿತೆ?" ಎಂದು ವಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗುತ್ತಾಳೆ. ಊರಿನಲ್ಲಿ ಹತ್ತು ಜನರ ನ್ಯಾಯ ಹೇಳಿದ ಯಜಮಾನರು ಆಸ್ಪತ್ರೆಗೆ ಬಂದೊಡನೆ ಹದಿನಾಲ್ಕನೆಯ ಬೆಡ್ ಆಗಿಬಿಡುತ್ತಾರೆ. ಅಜ್ಜಾ, ಅಮ್ಮಾ, ಅಣ್ಣಾ, ಯಜಮಾನರೇ ಎಂದು ಕರೆಯಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವೆಲ್ಲಿದೆ? ಆದರೆ ಔಷಧ ಕೊಡುವಾಗ ಮಾತ್ರ ಪೂರ್ಣ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯೊಡನೆ ಹೋಲಿಸಿ. "ನೀವು ಲಕ್ಷ್ಮಮ್ಮನೇ ಅಲ್ಲವೇ?" ಎಂದರೆ ಕಿವಿ ಮಂದವಾದ ಯಾವ ಅಜ್ಜಿಯೂ ತಲೆಯಾಡಿಸಿಬಿಡುತ್ತಾಳೆ.

ಇಬ್ಬರು ನರ್ಸುಗಳು ರೋಗಿಯ ಎರಡು ಬದಿಗಳಲ್ಲಿ ನಿಂತು ಹಾಸಿಗೆಯ ಬಟ್ಟೆ ಬದಲಿಸುತ್ತಾ, ಅವರಿಗೆ ತಿಳಿಯದ ಭಾಷೆಯಲ್ಲಿ ತಮ್ಮೊಳಗೆ ಮಾತನಾಡಿಕೊಂಡು ನಗುವುದುಂಟು. ಅವರು ಮಾತನಾಡಿದ್ದು ಊರಿನ ಮದುವೆಯ ವಿಷಯವೇ ಇರಬಹುದು. ನಡುವೆ ಮಲಗಿರುವವರಿಗೆ ಮಾತ್ರ ತನ್ನ ರೋಗವನ್ನೇ ಕುರಿತು ನಗುತ್ತಿದ್ದಾರೆ ಎನ್ನಿಸುತ್ತದೆ. ರೋಗಿಗೆ ಅರ್ಧಮರ್ಧ ಕೇಳಿಸುವಂತೆ ಪಿಸುಗುಟ್ಟುವುದು ಎಂತಹ ಹಿಂಸೆಯೆಂಬುದನ್ನು ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ನೂರಅರವತ್ತು ವರ್ಷಗಳಿಗೂ ಹಿಂದೆಯೇ ಬರೆದರು. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ಪರೀಕ್ಷೆಗಲ್ಲದೆ ಓದಿದ್ದೀರೋ ತಿಳಿಯದು.

ಕೈತೊಳೆಯುವ ವಿಷಯ ನಿಮಗೆ ಪಾಠವಾಗಿದೆ. 1847ರಲ್ಲಿ ವಿಯೆನ್ನಾ ನಗರದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ವಾರ್ಡಿಗೆ ಹೋಗುವ ಮುನ್ನ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯಲೇಬೇಕೆಂದು ವಿಧಿಸಿ ಬಾಣಂತಿಯರ ಸಾವನ್ನು ಬಹುವಾಗಿ ಇಳಿಸಿದರು. ಆದರೂ ಅಂದಿನ ಅನೇಕ ವೈದ್ಯರು ಅವರ ಮಾತನ್ನು ನಂಬಲಿಲ್ಲ. ಹಿರಿಯರು ತೊಳೆಯದೆ ಹೋದರೆ ಕಿರಿಯಳಾದ ನೀನೇನು ಮಾಡಬೇಕು? ಜಗಳವಾಡಬೇಡ, ನೀನು ತೊಳೆದುಕೊಂಡು, ಸಾಬೂನನ್ನು ಅವರ ಕಡೆಗೆ ಸರಿಸು.

ವೈದ್ಯರಿಗೆ ನಡುರಾತ್ರಿಯಲ್ಲಿ ಫೋನು ಮಾಡಲು ಹೊಸಬರು ಅಂಜುತ್ತಾರೆ. "ಇಷ್ಟಕ್ಕೆಲ್ಲ ಎಬ್ಬಿಸಿದೆಯಾ?" ಎಂದು ಗದರಿಸಿಕೊಂಡ ಅನುಭವ ಒಮ್ಮೆಯಾದರೆ ಸಾಕು, ಮುಂದಿನ ಸಲ ಬೆಳಗಾಗಲಿ ಎಂದು ಕಾಯುತ್ತಾರೆ. ಆ ಕಾಯುವಿಕೆಯಲ್ಲಿ ಪ್ರಾಣ ಹೋದದ್ದುಂಟು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಒಂದು ಕ್ರಮ ಈಗ ಆಸ್ಪತ್ರೆಗಳಿಗೂ ಬಂದಿದೆ: ಈಗ ಏನಾಗಿದೆ, ರೋಗಿಯ ಹಿನ್ನೆಲೆಯೇನು, ನಿನಗೆ ಏನೆನ್ನಿಸುತ್ತದೆ, ಅವರಿಂದ ಏನಾಗಬೇಕು ಎಂಬುದನ್ನು ಇದೇ ಅನುಕ್ರಮದಲ್ಲಿ ಹೇಳುವುದು. ಫೋನು ಎತ್ತುವ ಮುನ್ನ ನಾಡಿ, ರಕ್ತದೊತ್ತಡಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಧ್ವನಿ ನಡುಗುವುದಿಲ್ಲ. ವೈದ್ಯರು ಬಾಯಿಮಾತಿನಲ್ಲಿ ಔಷಧ ಹೇಳಿದರೆ ಅದನ್ನು ಬರೆದುಕೊಂಡು, ಅವರಿಗೇ ಓದಿ ಹೇಳಿ.

ಆಯಾಗಳ, ವಾರ್ಡ್ ಬಾಯ್‌ಗಳ ವಿಷಯವನ್ನು ಮರೆಯಬಾರದು. ಬಿಳಿಯ ಉಡುಪು ಮೈಮೇಲೆ ಬಂದೊಡನೆ ಕೆಲವರಿಗೆ ಅವರು ಕಣ್ಣಿಗೇ ಬೀಳುವುದಿಲ್ಲ. ಮೂವತ್ತು ವರ್ಷ ಅದೇ ವಾರ್ಡನ್ನು ಗುಡಿಸಿದ ಆಯಾ, ರೋಗಿ ಕೆಡುತ್ತಿದ್ದಾನೆ ಎಂಬುದನ್ನು ಯಂತ್ರಕ್ಕಿಂತ ಮೊದಲು ಹೇಳಿದ್ದನ್ನು ನಾವು ಕಂಡಿದ್ದೇವೆ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ನಡೆಯುವ ಕಾಣಿಕೆಯ ವ್ಯವಹಾರವಂತೂ ನಾಚಿಕೆಗೇಡು. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ದರ ಕಟ್ಟಿ, ಕೊಟ್ಟ ಮೇಲೆಯೇ ಕೂಸಿನ ಮುಖ ತೋರಿಸಿದ ಪ್ರಸಂಗವನ್ನು ನಮ್ಮ ಭಕ್ತರೊಬ್ಬರು ಕಣ್ಣೀರಿಟ್ಟು ಹೇಳಿದರು. ಮೊದಲ ದಿನವೇ "ಬೇಡ" ಎಂದುಬಿಡಿ, ಎರಡನೆಯ ದಿನ ಹೇಳುವುದು ಕಷ್ಟ. ಮನೆಯಿಂದ ತಂದ ಸಿಹಿಯನ್ನು ವಾರ್ಡಿನವರೆಲ್ಲ ಹಂಚಿಕೊಂಡು ತಿಂದರೆ ಅದರಲ್ಲಿ ದೋಷವಿಲ್ಲ.

ಮೊಬೈಲ್ ಫೋನಿನ ಬಗ್ಗೆ ಒಂದೇ ಮಾತು. ರೋಗಿಯ ಚಿತ್ರವನ್ನು, ಗಾಯದ ಚಿತ್ರವನ್ನು, ಹೊಸದಾಗಿ ಹುಟ್ಟಿದ ಮುದ್ದು ಕೂಸಿನ ಚಿತ್ರವನ್ನು ಕೂಡ ತೆಗೆದು ವಾಟ್ಸಾಪಿನಲ್ಲಿ ಹಾಕಬೇಡಿ. ನಮ್ಮ ಊರಿನವರೇ ಆಸ್ಪತ್ರೆಗೆ ಸೇರಿದ್ದಾರೆಂದರೆ ಸುದ್ದಿ ನಿಮಗಿಂತ ಮೊದಲು ಮನೆ ಮುಟ್ಟಬಾರದು. ಭಾನುವಾರ ಪೂಜೆಯ ನಂತರ ದೇವಾಲಯದ ಅಂಗಳದಲ್ಲಿ "ಅವರಿಗೆ ಏನಂತೆ?" ಎಂದು ಕೇಳುವವರು ಬಹಳ. ನಮ್ಮನ್ನೂ ಕೇಳುತ್ತಾರೆ. ನಾವು ಹವಾಮಾನದ ಮಾತನ್ನಾಡುತ್ತೇವೆ.

ಇದುವರೆಗೆ ನಿಮ್ಮ ಕರ್ತವ್ಯಗಳನ್ನೇ ಹೇಳಿದೆವು. ನಿಮ್ಮ ರಕ್ಷಣೆಯೂ ನಿಮಗೆ ಗೊತ್ತಿರಬೇಕು. ಕೆಲಸಕ್ಕೆ ಸೇರುವ ಮುನ್ನವೇ ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳನ್ನು ಪೂರೈಸಿಕೊಳ್ಳಿ. ಬಳಸಿದ ಸೂಜಿ ಚುಚ್ಚಿದರೆ ಹಿಂಡಬೇಡಿ, ಸಾಬೂನು ನೀರಿನಿಂದ ತೊಳೆದು ಕೂಡಲೇ ವರದಿ ಮಾಡಿ. ಎಚ್.ಐ.ವಿ. ತಡೆಯುವ ಔಷಧವನ್ನು ಎರಡು ಗಂಟೆಗಳೊಳಗೆ ಪ್ರಾರಂಭಿಸುವುದು ಉತ್ತಮ, 72 ಗಂಟೆಗಳು ಮೀರಿದರೆ ಪ್ರಯೋಜನವಿಲ್ಲ. ಬೈಗುಳಕ್ಕೆ ಹೆದರಿ ಮೂರು ದಿನ ಮುಚ್ಚಿಟ್ಟರೆ ಆ ಅವಕಾಶವೇ ತಪ್ಪಿತು. ಸೋಂಕಿನ ಅಪಾಯ ಕೇವಲ ಪುಸ್ತಕದ ಮಾತಲ್ಲ. 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯಲ್ಲಿ ನಿಪಾ ರೋಗಿಯ ಶುಶ್ರೂಷೆ ಮಾಡಿದ ಲಿನಿ ಎಂಬ ನರ್ಸ್ ತಾವೇ ಆ ರೋಗಕ್ಕೆ ಬಲಿಯಾದರು. ಅವರಿಗೆ ಎರಡು ಚಿಕ್ಕ ಮಕ್ಕಳಿದ್ದರು.

ರೋಗಿಯ ಕಡೆಯವರು ಕೈಮಾಡಿದರೆ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ನಿಷೇಧಿಸುವ ಕರ್ನಾಟಕದ 2009ರ ಕಾಯಿದೆ ಇದೆ. ಜೊತೆಯ ಅಥವಾ ಮೇಲಿನ ಗಂಡಸರು ಅನುಚಿತವಾಗಿ ವರ್ತಿಸಿದರೆ, 2013ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ದೂರು ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಬರೆಹದಲ್ಲಿ ದೂರು ಕೊಡಬೇಕು. ಸಂಸ್ಥೆಯ ಹೆಸರು ಕೆಡುತ್ತದೆ, ಸುಮ್ಮನಿರು ಎಂದು ನಿಮಗೆ ಬುದ್ಧಿ ಹೇಳುವವರು ಬಂದೇ ಬರುತ್ತಾರೆ. ಅವರಲ್ಲಿ ಒಬ್ಬರು ನಮ್ಮಂತೆ ನಿಲುವಂಗಿ ತೊಟ್ಟವರಾಗಿದ್ದರೂ ಕೇಳಬೇಡಿ.

ಬರುವ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರು ಗಂಟೆಗೆ ಇದೇ ಸಭಾಭವನದಲ್ಲಿ ಸಂದರ್ಶನದ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ. ನಿವೃತ್ತರಾದ ನಮ್ಮ ಇಬ್ಬರು ನರ್ಸಿಂಗ್ ಭಗಿನಿಯರು ಪ್ರಶ್ನೆ ಕೇಳಲು ಒಪ್ಪಿದ್ದಾರೆ. ಮೂರನೆಯ ಕುರ್ಚಿಯಲ್ಲಿ ನಾವಿರುತ್ತೇವೆ. ಮೂಲ ದಾಖಲೆಗಳನ್ನೂ ಎರಡೆರಡು ನಕಲುಗಳನ್ನೂ ತನ್ನಿ, ಹೆಸರುಗಳನ್ನು ಹೋಲಿಸಿ ನೋಡೋಣ. ಉಗುರು ಕತ್ತರಿಸಿಕೊಂಡು ಬನ್ನಿ. ಶಿಫಾರಸು ಪತ್ರ ಬೇಕಾದವರು ಆ ಬಳಿಕ ಕೇಳಬಹುದು, ಚಹಾವನ್ನು ಬೇರೆ ಮೇಜಿನ ಮೇಲೆ ಇಡಿಸುತ್ತೇವೆ.